ಓದಲು ಒಳ್ಳೆಯದು, ಬರೆಯಲು ಸಾಲದು: ಒಂದು ಇಂಗ್ಲಿಷ್–ತುರ್ಕಿ ನಿಘಂಟು ಆಪ್

ಬಟ್ಟೆಗೆ ಬಣ್ಣ ಹಾಕುವ ಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಯಂತ್ರಗಳು ತುರ್ಕಿಯಲ್ಲಿ ತಯಾರಾದವು. ಕೈಪಿಡಿ ಇರುವುದು ತುರ್ಕಿ ಭಾಷೆಯಲ್ಲಿ, ಬಿಡಿಭಾಗ ಕಳುಹಿಸುವ ಎಂಜಿನಿಯರ್ ಉತ್ತರ ಬರೆಯುವುದೂ ಅದೇ ಭಾಷೆಯಲ್ಲಿ. ಹೀಗಾಗಿ ನನ್ನ ಮೊಬೈಲಿನಲ್ಲಿ ಇಂಗ್ಲಿಷ್–ತುರ್ಕಿ ನಿಘಂಟಿನ ಆಪ್ ಒಂದು ದಿನವಿಡೀ ತೆರೆದಿರುತ್ತದೆ. ಬಂದ ಪತ್ರವನ್ನು ಓದಿ ತಿಳಿದುಕೊಳ್ಳಲು ಅದು ಸಾಕು, ಉತ್ತರ ಬರೆಯಲು ಮಾತ್ರ ಸಾಲದು. ನಾನು ದಿನವೂ ಹುಡುಕುವ ‘ರಿಪೇರ್’ ಎಂಬ ಕ್ರಿಯಾಪದವನ್ನೇ ಹಿಡಿದು ಇದನ್ನು ವಿವರಿಸುತ್ತೇನೆ.

ಮೊದಲು ಒಳ್ಳೆಯದು. ಇಂಟರ್ನೆಟ್ ಇಲ್ಲದಿದ್ದರೂ ಹುಡುಕಬಹುದು. ಯಂತ್ರದ ಕೆಳಗೆ ಮಲಗಿ ಕೆಲಸ ಮಾಡುವವರಿಗೆ ಇದು ದೊಡ್ಡ ಅನುಕೂಲ. ತುರ್ಕಿ ಲಿಪಿಯಲ್ಲಿ ಚುಕ್ಕೆ ಇರುವ ‘ಐ’ ಬೇರೆ, ಚುಕ್ಕೆ ಇಲ್ಲದ್ದು ಬೇರೆ, ಎರಡರ ಉಚ್ಚಾರವೂ ಬೇರೆ. ಸಾಮಾನ್ಯ ಕೀಲಿಮಣೆಯಲ್ಲಿ ಹೇಗೆ ಬೆರಳಚ್ಚಿಸಿದರೂ ಆಪ್ ಸರಿಯಾದ ಪದವನ್ನೇ ತೆಗೆದುಕೊಡುತ್ತದೆ. ಧ್ವನಿಯೂ ಸ್ಪಷ್ಟವಾಗಿದೆ. ಚುಕ್ಕೆಯಿಲ್ಲದ ಆ ಸ್ವರಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ, ಕಿವಿಯಿಂದಲೇ ಕಲಿಯಬೇಕು.

‘ರಿಪೇರ್’ ಎಂದು ಕೊಟ್ಟರೆ ಪುಟ ತುಂಬ ತುರ್ಕಿ ಪದಗಳು ಬರುತ್ತವೆ: ತಾಮಿರ್ ಎತ್ಮೆಕ್, ಒನಾರ್ಮಾಕ್, ದ್ಯುಜ಼ೆಲ್ತ್ಮೆಕ್, ಗಿದೆರ್ಮೆಕ್, ತೆಲಾಫಿ ಎತ್ಮೆಕ್. ನಡುವೆ ಗಿತ್ಮೆಕ್ ಕೂಡ ಇದೆ. ಅದರ ಅರ್ಥ ‘ಹೋಗು’. ರಿಪೇರಿಯ ಪಟ್ಟಿಯಲ್ಲಿ ‘ಹೋಗು’ ಯಾಕೆ ಬಂತು? ಇಂಗ್ಲಿಷಿನಲ್ಲಿ ಒಂದೇ ಕಾಗುಣಿತದ ಎರಡು ಕ್ರಿಯಾಪದಗಳಿವೆ. ದುರಸ್ತಿಯ ಅರ್ಥದ್ದು ಲ್ಯಾಟಿನ್ನಿನ ‘ರೆಪರಾರೆ’ಯಿಂದ ಬಂದಿದೆ. ಒಂದು ಜಾಗಕ್ಕೆ ತೆರಳು ಎಂಬ ಹಳೆಯ ಅರ್ಥದ್ದು ‘ರೆಪಾತ್ರಿಯಾರೆ’ಯಿಂದ, ಅಂದರೆ ಸ್ವದೇಶಕ್ಕೆ ಮರಳು ಎಂಬುದರಿಂದ ಬಂದಿದೆ. ನಿಘಂಟು ಇವೆರಡನ್ನು ಬೇರೆ ಬೇರೆ ನಮೂದುಗಳಾಗಿ ಕೊಡಬೇಕಿತ್ತು, ಈ ಆಪ್ ಒಂದೇ ಸಾಲಿನಲ್ಲಿ ಸುರಿದಿದೆ. ಹೊಸಬರು ಗೊಂದಲಕ್ಕೆ ಬೀಳುವುದು ಖಂಡಿತ.

ತಾಮಿರ್ ಎತ್ಮೆಕ್ ಮತ್ತು ಒನಾರ್ಮಾಕ್ ನಡುವಿನ ವ್ಯತ್ಯಾಸದ ಬಗ್ಗೆಯೂ ಆಪ್ ಮೌನವಾಗಿದೆ. ಎರಡಕ್ಕೂ ಅರ್ಥ ಒಂದೇ, ಹಿನ್ನೆಲೆ ಬೇರೆ. ತಾಮಿರ್ ಅರಬ್ಬಿಯಿಂದ ಬಂದ ನಾಮಪದ; ಅದಕ್ಕೆ ‘ಮಾಡು’ ಎಂಬರ್ಥದ ಎತ್ಮೆಕ್ ಸೇರಿಸಿದರೆ ನಮ್ಮ ‘ರಿಪೇರಿ ಮಾಡು’ ಇದ್ದ ಹಾಗೆಯೇ ಕ್ರಿಯಾಪದವಾಗುತ್ತದೆ. ಒನಾರ್ಮಾಕ್ ಅಚ್ಚ ತುರ್ಕಿ. 1928ರಲ್ಲಿ ಲಿಪಿ ಬದಲಾಗಿ, 1932ರಲ್ಲಿ ತುರ್ಕಿ ಭಾಷಾ ಸಂಸ್ಥೆ ಹುಟ್ಟಿದ ಮೇಲೆ ಅರಬ್ಬಿ, ಪಾರಸಿ ಪದಗಳ ಜಾಗಕ್ಕೆ ಇಂಥ ಪದಗಳನ್ನು ತರುವ ದೊಡ್ಡ ಪ್ರಯತ್ನ ನಡೆಯಿತು. ಹಾಗಿದ್ದರೂ ತಾಮಿರ್ ಅಳಿಯಲಿಲ್ಲ. ರಿಪೇರಿ ಮಾಡುವವನು ಇಂದಿಗೂ ತಾಮಿರ್ಜಿ, ಅವನ ಗ್ಯಾರೇಜು ತಾಮಿರ್ಹಾನೆ. ನಿರ್ವಹಣೆ ಮತ್ತು ದುರಸ್ತಿ ಎಂದು ಜೋಡಿಯಾಗಿ ಬರೆಯುವಾಗ ಮಾತ್ರ ‘ಬಾಕಿಮ್ ಒನಾರಿಮ್’ ಎನ್ನುತ್ತಾರೆ. ಒನಾರ್ಮಾಕ್ ಜೊತೆಗೆ ಒನ್ಮಾಕ್ ಎಂಬ ಪದವೂ ಇದೆ: ಗುಣವಾಗು, ಚೇತರಿಸಿಕೊಳ್ಳು. ವಾಸಿಯಾಗದ ಗಾಯಕ್ಕೆ ‘ಒನುಲ್ಮಾಜ಼್ ಯಾರಾ’ ಎಂದು ಹೆಸರು. ಯಂತ್ರದ ದುರಸ್ತಿಗೂ ಗಾಯ ಮಾಯುವುದಕ್ಕೂ ಇರುವ ಈ ನಂಟು ನನಗೆ ಬಹಳ ಇಷ್ಟ.

ನನ್ನ ಕೆಲಸಕ್ಕೆ ಅತಿ ಮುಖ್ಯವಾದ ಗಿದೆರ್ಮೆಕ್ ಪಟ್ಟಿಯ ಕೆಳಗೆಲ್ಲೋ ಇದೆ. ಅದರ ಅರ್ಥ ‘ನಿವಾರಿಸು’. ಯಂತ್ರವನ್ನು ಒನಾರ್ಮಾಕ್ ಮಾಡಬಹುದು, ಗಿದೆರ್ಮೆಕ್ ಮಾಡಲಾಗದು. ಗಿದೆರ್ಮೆಕ್‌ಗೆ ಕರ್ಮವಾಗಿ ದೋಷವೇ ಬರಬೇಕು. ‘ಆರಿಜ಼ಾ’ ಎಂದರೆ ಯಂತ್ರ ಕೆಟ್ಟಿರುವ ಸ್ಥಿತಿ, ಕೈಪಿಡಿಯ ಕೊನೆಯಲ್ಲಿ ಬರುವ ದೋಷ ನಿವಾರಣೆಯ ಅಧ್ಯಾಯ ‘ಆರಿಜ಼ಾ ಗಿದೆರ್ಮೆ’. ಪಂಪು ಸದ್ದು ಮಾಡಿದರೆ ಏನು, ನೀರು ಬಿಸಿಯಾಗದಿದ್ದರೆ ಏನು ಎಂಬ ಕೋಷ್ಟಕಗಳೆಲ್ಲ ಅಲ್ಲೇ ಇರುತ್ತವೆ. ಯಾವ ಕ್ರಿಯಾಪದ ಯಾವುದರ ಜೊತೆ ಹೋಗುತ್ತದೆ ಎಂದು ಒಂದೊಂದು ಉದಾಹರಣೆ ವಾಕ್ಯ ಕೊಟ್ಟಿದ್ದರೆ ಸಾಕಿತ್ತು. ಈ ಆಪ್ ಪದಗಳನ್ನು ಕೊಡುತ್ತದೆ, ವಾಕ್ಯಗಳನ್ನು ಕೊಡುವುದಿಲ್ಲ.

ಕನ್ನಡಿಗರಿಗೆ ನಿಜವಾದ ನಷ್ಟ ಇರುವುದು ಪ್ರೇರಣಾರ್ಥಕದಲ್ಲಿ. ‘ರಿಪೇರಿ ಮಾಡಿದೆ’ ಮತ್ತು ‘ರಿಪೇರಿ ಮಾಡಿಸಿದೆ’ ನಡುವಿನ ವ್ಯತ್ಯಾಸ ನಮಗೆ ಹುಟ್ಟಿನಿಂದಲೇ ಗೊತ್ತು. ತುರ್ಕಿಯಲ್ಲೂ ಪ್ರತ್ಯಯ ಸೇರಿಸಿಯೇ ಈ ಕೆಲಸ ಮಾಡುತ್ತಾರೆ. ‘ಮಾಕಿನೆಯಿ ತಾಮಿರ್ ಎತ್ತಿಮ್’ ಎಂದರೆ ಯಂತ್ರವನ್ನು ನಾನೇ ರಿಪೇರಿ ಮಾಡಿದೆ, ‘ಮಾಕಿನೆಯಿ ತಾಮಿರ್ ಎತ್ತಿರ್ದಿಮ್’ ಎಂದರೆ ಬೇರೆಯವರಿಂದ ಮಾಡಿಸಿದೆ. ಒನಾರ್ಮಾಕ್‌ಗೂ ಹೀಗೆಯೇ ಒನಾರ್ತ್‌ಮಾಕ್ ಇದೆ, ದುರಸ್ತಿಯಾಗು ಎನ್ನಲು ಒನಾರಿಲ್ಮಾಕ್ ಇದೆ. ‘ಮಾಕಿನೆಯಿ’ ಎಂಬುದರಲ್ಲಿ ದ್ವಿತೀಯಾ ವಿಭಕ್ತಿಯ ಮುಂದೆ ಬಂದಿರುವ ಯಕಾರವನ್ನು ನೋಡಿ, ನಮ್ಮ ಯಕಾರಾಗಮ ನೆನಪಾಗದೆ ಇರದು. ಒಂದು ಎಚ್ಚರಿಕೆ ಮಾತ್ರ ಬೇಕು: ಕೆಲಸ ಮಾಡಿಕೊಟ್ಟವನಿಗೆ ತುರ್ಕಿಯಲ್ಲಿ ಚತುರ್ಥಿ ವಿಭಕ್ತಿ ಹತ್ತುತ್ತದೆ. ನಾವು ‘ಮೆಕ್ಯಾನಿಕ್‌ನಿಂದ’ ಎನ್ನುವಲ್ಲಿ ಅವರು ‘ಮೆಕ್ಯಾನಿಕ್‌ಗೆ’ ಎನ್ನುತ್ತಾರೆ. ಯಂತ್ರ ಖಾತರಿಯ ಅವಧಿಯಲ್ಲಿರುವಾಗ ಯಾರು ಬಿಚ್ಚಿದರು, ಯಾರು ಬಿಚ್ಚಿಸಿದರು ಎಂಬುದೇ ಮುಖ್ಯ ಪ್ರಶ್ನೆ. ಅದಕ್ಕೆ ಉತ್ತರ ಒಂದು ಪ್ರತ್ಯಯದಲ್ಲಿದೆ. ಇಂಗ್ಲಿಷಿನಲ್ಲಿ ಇದನ್ನು ಬೇರೆ ಪದಗಳನ್ನು ಸೇರಿಸಿ ಹೇಳುವುದರಿಂದ ‘ರಿಪೇರ್’ ಎಂದು ಹುಡುಕಿದವರಿಗೆ ಈ ರೂಪಗಳು ಎಂದಿಗೂ ಸಿಗುವುದಿಲ್ಲ.

ಅದಕ್ಕೇ ನಾನು ತುರ್ಕಿ ಭಾಷಾ ಸಂಸ್ಥೆಯ ಉಚಿತ ಜಾಲ ನಿಘಂಟನ್ನೂ ಜೊತೆಗೆ ಇಟ್ಟುಕೊಂಡಿದ್ದೇನೆ. ಅದು ತುರ್ಕಿಯಿಂದ ತುರ್ಕಿಗೆ, ಆರಂಭದಲ್ಲಿ ಕಷ್ಟವಾಗುತ್ತದೆ. ಆದರೆ ಕ್ರಿಯಾಪದದ ಪಕ್ಕದಲ್ಲೇ ಅದು ಬೇಡುವ ವಿಭಕ್ತಿಯನ್ನು ನಮೂದಿಸಿರುತ್ತಾರೆ. ಅಲ್ಲಿ ‘ಮೆರೆಮೆತ್’ ಎಂಬ ಪದ ಕಂಡಾಗ ಆದ ಸಂತೋಷ ಹೇಳತೀರದು. ದುರಸ್ತಿ ಎಂದೇ ಅದರ ಅರ್ಥ, ನಮ್ಮ ಹಳೆಯ ಕಡತಗಳ ‘ಮರಾಮತ್ತು’ ಅದೇ ಅರಬ್ಬಿ ಪದದ ಇನ್ನೊಂದು ಕವಲು. ನಮ್ಮ ‘ದುರಸ್ತಿ’ಯ ಮೂಲವಾದ ಪಾರಸಿ ಪದವೂ ತುರ್ಕಿಗೆ ಹೋಗಿದೆ, ಅಲ್ಲಿ ‘ದ್ಯುರ್ಯುಸ್ತ್’ ಎಂದರೆ ಪ್ರಾಮಾಣಿಕ ಮನುಷ್ಯ. ನನ್ನ ಎಂಜಿನಿಯರ್ ಮಿತ್ರರಿಗೆ ಇದನ್ನು ಬರೆದು ತಿಳಿಸಿದೆ, ಅವರಿಗೂ ಬಹಳ ಹಿಡಿಸಿತು.

ಕೆಟ್ಟ ಸಂಬಂಧವನ್ನು ಸರಿಪಡಿಸುವ ಅರ್ಥಕ್ಕೂ ಆಪ್ ತಾಮಿರ್ ಎತ್ಮೆಕ್ ಒಂದನ್ನೇ ಸೂಚಿಸುತ್ತದೆ. ಅದು ತಪ್ಪಲ್ಲ. ಆದರೆ ಮುನಿಸಿಕೊಂಡ ಇಬ್ಬರನ್ನು ಒಂದುಗೂಡಿಸಿದರೆ ‘ಅವರ ನಡುವನ್ನು ಸರಿಮಾಡಿದ’ ಎಂಬಂತೆ ದ್ಯುಜ಼ೆಲ್ತ್ಮೆಕ್ ಬಳಸುತ್ತಾರೆ. ನೋಯಿಸಿದವರ ಮನಸ್ಸನ್ನು ಮತ್ತೆ ಗೆಲ್ಲುವುದಕ್ಕೆ ‘ಗ್ಯೋನ್ಲ್ಯುನ್ಯು ಆಲ್ಮಾಕ್’ ಎನ್ನುತ್ತಾರೆ, ‘ಗ್ಯೋನ್ಯುಲ್’ ಎಂದರೆ ಮನಸ್ಸು. ಮುಂದಿನ ಆವೃತ್ತಿಯಲ್ಲಿ ಉದಾಹರಣೆ ವಾಕ್ಯಗಳು, ವಿಭಕ್ತಿಯ ಗುರುತು ಮತ್ತು ಪ್ರೇರಣಾರ್ಥಕ ರೂಪ ಇಷ್ಟಾದರೂ ಇರಲಿ ಎಂದು ತಯಾರಕರಿಗೆ ಪತ್ರ ಬರೆದಿದ್ದೇನೆ. ಅಲ್ಲಿಯವರೆಗೆ ಈ ಆಪ್ ಬಳಸುವವರು ಅದು ಕೊಟ್ಟ ಪದವನ್ನು ಭಾಷಾ ಸಂಸ್ಥೆಯ ನಿಘಂಟಿನಲ್ಲಿ ಇನ್ನೊಮ್ಮೆ ನೋಡಿಯೇ ಪತ್ರ ಕಳುಹಿಸಿ.