2 ಟನ್ ಟ್ರಾಲಿ ಜಾಕ್: ಟನ್ ಆಮೇಲೆ, ಮೊದಲು ಎತ್ತರ ನೋಡಿ

ಟ್ರಾಲಿ ಜಾಕ್ ಅಂದರೆ ಸಣ್ಣ ಚಕ್ರಗಳ ಮೇಲೆ ಉರುಳುವ, ಹ್ಯಾಂಡಲ್ ಒತ್ತಿ ಕಾರು ಎತ್ತುವ ಹೈಡ್ರಾಲಿಕ್ ಜಾಕ್. ಅದರ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಇರುವುದು ಎಷ್ಟು ಟನ್ ಎತ್ತುತ್ತದೆ ಅನ್ನುವ ಲೆಕ್ಕ. ಅಂಗಡಿಯವರೂ ಅದನ್ನೇ ಹಿಡಿದುಕೊಂಡು "3 ಟನ್ನಿಂದೇ ತಗೊಳ್ಳಿ ಸಾರ್, ಗಟ್ಟಿ" ಅನ್ನುತ್ತಾರೆ. ನಾನು ಸುಮಾರು ₹3,000 ಕೊಟ್ಟು 2 ಟನ್ನಿನ ಸಾದಾ ಜಾಕ್ ತಂದೆ. ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಪೋರ್ಟಿಕೊದಲ್ಲಿ ಹಲವು ವರ್ಷಗಳಿಂದ ಸ್ವಿಫ್ಟ್ ಎತ್ತುತ್ತಿರುವುದು ಇದರಲ್ಲೇ. ಟೈರ್ ಹಿಂದುಮುಂದು ಮಾಡುವುದು, ಬ್ರೇಕ್ ಪ್ಯಾಡ್ ಬದಲಿಸುವುದು, ಆಯುಧಪೂಜೆಗೆ ಮುಂಚೆ ಚಕ್ರ ಬಿಚ್ಚಿ ಒಳಗಿನ ಕೆಸರು ತೊಳೆಯುವುದು, ಇಷ್ಟು ನನ್ನ ಕೆಲಸ. ಟನ್ ಸಾಲದು ಅಂತ ಒಂದು ದಿನವೂ ಅನ್ನಿಸಿಲ್ಲ.

ಯಾಕೆ ಅಂದರೆ, ಸ್ವಿಫ್ಟ್ ಖಾಲಿ ಇದ್ದಾಗ ಪೂರ್ತಿ ಕಾರೇ ಒಂದು ಟನ್ ಒಳಗೆ. ಒಂದು ಮೂಲೆ ಎತ್ತುವಾಗ ಜಾಕ್ ಮೇಲೆ ಬೀಳುವುದು ಅದರಲ್ಲೂ ಒಂದು ಪಾಲು. ಉಳಿದದ್ದನ್ನು ನೆಲದ ಮೇಲಿರುವ ಚಕ್ರಗಳು ಹೊರುತ್ತವೆ. 3 ಟನ್ನಿಂದು ತಂದರೆ ಎತ್ತಿ ಇಡುವುದಕ್ಕೇ ಇನ್ನೊಬ್ಬರು ಬೇಕು, ಅಷ್ಟು ಭಾರ.

ಕೈ ಕೊಡುವುದು ಎತ್ತರ. ನನ್ನ ಜಾಕ್ ಪೂರ್ತಿ ಇಳಿದಾಗ ಸುಮಾರು 135 ಮಿ.ಮೀ., ಪೂರ್ತಿ ಎದ್ದಾಗ ಸುಮಾರು 340 ಮಿ.ಮೀ. ಈ ಎರಡು ಸಂಖ್ಯೆಗಳು ಡಬ್ಬದ ಯಾವುದೋ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇರುತ್ತವೆ. ಕೊಳ್ಳುವ ಮುಂಚೆ ಮನೆಯಲ್ಲಿ ಟೇಪ್ ಹಿಡಿದು, ಕಾರಿಗೆ ಜಾಕ್ ಕೊಡುವ ಜಾಗ ನೆಲದಿಂದ ಎಷ್ಟು ಮೇಲಿದೆ ಅಂತ ಅಳೆದುಕೊಳ್ಳಿ. ಟೈರಿನಲ್ಲಿ ಗಾಳಿ ಇದ್ದಾಗ ಜಾಕ್ ಸಲೀಸಾಗಿ ಒಳಗೆ ಹೋಗುತ್ತದೆ. ಪಂಕ್ಚರ್ ಆಗಿ ಟೈರ್ ಚಪ್ಪಟೆ ಆಯಿತು ಅನ್ನಿ, ಆ ಮೂಲೆ ಪೂರ್ತಿ ಕುಸಿದಿರುತ್ತದೆ. ಆಗ ಇದರ ಮೂತಿ ತೂರುವುದಿಲ್ಲ. ಡಿಕ್ಕಿಯಲ್ಲಿರುವ ತಿರುಗಿಸುವ ಜಾಕೇ ಗತಿ.

ಮೇಲಿನ ಎತ್ತರವೂ ಅಷ್ಟೇ ಮುಖ್ಯ. ಬಾಡಿ ಎದ್ದ ತಕ್ಷಣ ಚಕ್ರ ಏಳುವುದಿಲ್ಲ. ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತಾ ಹೋದಂತೆ ಚಕ್ರ ನೆಲದಲ್ಲೇ ಕೂತಿರುತ್ತದೆ, ಆಮೇಲೆ ನಿಧಾನಕ್ಕೆ ಬಿಡುತ್ತದೆ. ಸ್ವಿಫ್ಟಿಗೆ 340 ಸಾಕು. ಬೊಲೆರೊ, ಸ್ಕಾರ್ಪಿಯೊದಂಥ ಎತ್ತರದ ಗಾಡಿ ಇರುವವರು ಈ ಸಣ್ಣ ಜಾಕ್ ತಗೊಳ್ಳಬೇಡಿ. ಸಾಲದೆ ಬಂದು ಮರದ ತುಂಡು ಇಟ್ಟು ಎತ್ತುವವರನ್ನು ನೋಡಿದ್ದೇನೆ. ಒಂದರ ಮೇಲೊಂದು ಇಟ್ಟ ತುಂಡು ಜಾರಿದರೆ ಯಾರ ಕೈಗೂ ಸಿಗುವುದಿಲ್ಲ.

ಈಗ ನೆಲದ ವಿಷಯ. ಇದನ್ನು ಡಬ್ಬದ ಮೇಲೆ ಯಾರೂ ಬರೆಯುವುದಿಲ್ಲ. ಹ್ಯಾಂಡಲ್ ಒತ್ತುತ್ತಾ ಇರುವಾಗ ಕೆಳಗೆ ಬಗ್ಗಿ ಗಮನಿಸಿ. ಜಾಕಿನ ತೋಳು ನೆಟ್ಟಗೆ ಮೇಲೇಳುವುದಿಲ್ಲ, ಕಮಾನಿನಂತೆ ಬಾಗಿ ಏಳುತ್ತದೆ. ಅಂದರೆ ತುದಿಯ ಬಟ್ಟಲು ಮೇಲೆ ಹೋಗುತ್ತಾ ಹೋಗುತ್ತಾ ಹ್ಯಾಂಡಲ್ ಕಡೆಗೆ ಸರಿಯುತ್ತದೆ. ಕಾರು ಜಾಗ ಬಿಡುವುದಿಲ್ಲ, ಹಾಗಾಗಿ ಜಾಕೇ ತನ್ನ ಸಣ್ಣ ಕಬ್ಬಿಣದ ಚಕ್ರಗಳ ಮೇಲೆ ಒಳಗೆ ಉರುಳಬೇಕು. ಸಿಮೆಂಟ್ ನೆಲದಲ್ಲಿ ಒಂದೊಂದು ಒತ್ತಿಗೂ ಕೂದಲೆಳೆಯಷ್ಟು ಉರುಳುವುದು ಕಣ್ಣಿಗೇ ಕಾಣುತ್ತದೆ. ಇಂಟರ್‌ಲಾಕ್ ಇಟ್ಟಿಗೆಯ ಸಂದಿಯಲ್ಲಿ ಚಕ್ರ ಸಿಕ್ಕಿಕೊಂಡರೆ ಉರುಳುವುದು ನಿಂತು, ಮೇಲಿನ ಬಟ್ಟಲು ಕಾರಿನ ಅಂಚಿನಿಂದ ಜಾರತೊಡಗುತ್ತದೆ. ಅಲ್ಲಿಗೆ ನಿಲ್ಲಿಸಿ ಇಳಿಸಬೇಕು. ನಮ್ಮ ಪೋರ್ಟಿಕೊದಲ್ಲಿ ಟೈಲ್ಸ್ ಇರುವುದರಿಂದ ದಪ್ಪ ಪ್ಲೈವುಡ್ ಹಲಗೆ ಹಾಸುತ್ತೇನೆ. ಟೈಲ್ಸೂ ಒಡೆಯುವುದಿಲ್ಲ, ಜಾಕೂ ಉರುಳುತ್ತದೆ. ಮದ್ದೂರು ಕಡೆ ನಮ್ಮೂರ ಮನೆಯಂಗಳ ಮಣ್ಣಿಂದು. ಅಲ್ಲಿಗೆ ಇದನ್ನು ಒಯ್ಯುವುದೇ ಇಲ್ಲ.

ಬಟ್ಟಲು ಕೂರುವ ಜಾಗದಲ್ಲಿ, ಬಾಗಿಲ ಕೆಳಗೆ, ಕಾರಿನ ತಗಡಿನ ಅಂಚು ತೆಳ್ಳಗೆ ಕೆಳಕ್ಕೆ ಇಳಿದಿರುತ್ತದೆ. ಕಬ್ಬಿಣಕ್ಕೆ ಕಬ್ಬಿಣ ಕೊಟ್ಟರೆ ಅದು ಮಡಚಿಕೊಳ್ಳುತ್ತದೆ. ನಡುವೆ ಸೀಳಿರುವ ರಬ್ಬರ್ ಪ್ಯಾಡ್ ಸಿಗುತ್ತದೆ, ಜಾಕ್ ಜೊತೆಗೇ ತಗೊಳ್ಳಿ. ಅಂಚಿನಲ್ಲಿ ಎರಡು ಗೀರು ಇರುತ್ತವೆ, ಪ್ಯಾಡ್ ಕೂರಬೇಕಾದ್ದು ಅವುಗಳ ಮಧ್ಯೆ. ಬೇರೆ ಕಡೆ ಎಲ್ಲೆಲ್ಲಿ ಕೊಡಬಹುದು ಅಂತ ಕಾರಿನ ಪುಸ್ತಕದಲ್ಲಿದೆ. ಸುಮ್ನೆ ಅಂದಾಜಿಗೆ ಇಂಜಿನ್ ಕೆಳಗಿನ ಆಯಿಲ್ ಚೇಂಬರ್‌ಗೆ ಕೊಟ್ಟರೆ ಚೇಂಬರೇ ಹೋಗುತ್ತದೆ.

ಹ್ಯಾಂಡ್‌ಬ್ರೇಕ್ ಹಾಕಿ, ಎದುರು ಮೂಲೆಯ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡುವುದು ಎಲ್ಲರಿಗೂ ಗೊತ್ತು, ಅಲ್ವಾ? ಆದರೂ "ಗೇರ್‌ನಲ್ಲಿ ನಿಲ್ಲಿಸಿದ್ದೀನಲ್ಲ" ಅಂತ ಕಲ್ಲು ಬಿಡುವವರು ಜಾಸ್ತಿ. ಸ್ವಿಫ್ಟಿನಂಥ ಕಾರಿನಲ್ಲಿ ಇಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನು. ಅವುಗಳಲ್ಲಿ ಒಂದನ್ನು ಎತ್ತಿದಿರೋ, ಗೇರ್ ಲೆಕ್ಕಕ್ಕೇ ಇಲ್ಲ. ಎರಡು ಚಕ್ರಗಳು ಬೇರೆ ಬೇರೆಯಾಗಿ ತಿರುಗಲು ಬಿಡುವ ನಡುವಿನ ಡಿಫರೆನ್ಷಿಯಲ್‌ನಿಂದಾಗಿ ಗಾಳಿಯಲ್ಲಿರುವ ಚಕ್ರ ಹಿಮ್ಮುಖವಾಗಿ ತಿರುಗಿ, ನೆಲದ ಮೇಲಿರುವ ಚಕ್ರ ಉರುಳುವುದಕ್ಕೆ ದಾರಿ ಮಾಡಿಕೊಡುತ್ತದೆ. ಆಗ ಕಾರನ್ನು ಹಿಡಿದಿರುವುದು ಹಿಂದಿನ ಹ್ಯಾಂಡ್‌ಬ್ರೇಕ್ ಮತ್ತು ಆ ಕಲ್ಲು, ಅಷ್ಟೇ. ಚಕ್ರದ ನಟ್‌ಗಳನ್ನೂ ಎತ್ತುವ ಮುಂಚೆಯೇ ಸಡಿಲ ಮಾಡಿಕೊಳ್ಳಿ. ಎತ್ತಿದ ಮೇಲೆ ಪಾನ ಹಿಡಿದು ಜಗ್ಗಬಾರದು.

ಜಾಕ್ ಜೊತೆ, ಎತ್ತಿದ ಕಾರನ್ನು ಹೊತ್ತು ನಿಲ್ಲುವ ಒಂದು ಜೊತೆ ಸ್ಟ್ಯಾಂಡ್ ತರದಿದ್ದರೆ ಈ ಖರೀದಿ ಅರ್ಧ. ಜಾಕ್ ಒಳಗೆ ಕಾರಿನ ಭಾರವನ್ನು ಹಿಡಿದಿರುವುದು ಎಣ್ಣೆ. ಆ ಎಣ್ಣೆಯನ್ನು ಹಿಡಿದಿರುವುದು ಬೆರಳಿನ ಉಂಗುರದಂಥ ಒಂದು ರಬ್ಬರ್ ಸೀಲ್. ಅದನ್ನು ನಂಬಿ ಕೆಳಗೆ ತಲೆ ಹಾಕುವುದು ಬೇಡ. ನಾನು ಸ್ಟ್ಯಾಂಡ್ ಕೊಟ್ಟು, ಭಾರವನ್ನು ಅದರ ಮೇಲೆ ಇಳಿಸಿ, ಬಿಚ್ಚಿದ ಚಕ್ರವನ್ನೂ ಬಾಗಿಲ ಕೆಳಗೆ ಮಲಗಿಸಿ ಇಡುತ್ತೇನೆ. ಬಿಸಿಲಿಗೆ ಮೆತ್ತಗಾದ ಡಾಂಬರಿನಲ್ಲಿ ಸ್ಟ್ಯಾಂಡಿನ ಕಾಲು ಹೂತುಕೊಳ್ಳುತ್ತದೆ, ಅಲ್ಲೂ ಹಲಗೆ ಬೇಕು.

ಆ ಸೀಲಿನ ಬಗ್ಗೆ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷ ಆದ ಮೇಲೆ ಜಾಕ್ ಎದ್ದು, ತಾನಾಗಿಯೇ ಮೆಲ್ಲಗೆ ಇಳಿಯತೊಡಗಿತು. ಮೊದಲು ಎಣ್ಣೆಯೊಳಗೆ ಗಾಳಿ ಸೇರಿದೆ ಅಂದುಕೊಂಡೆ. ಭಾರ ಇಲ್ಲದೆ ಇಳಿಸುವ ವಾಲ್ವ್ ಸಡಿಲ ಮಾಡಿ ಹತ್ತಾರು ಸಲ ಒತ್ತಿದರೆ ಗಾಳಿ ಹೋಗುತ್ತದೆ. ಹೋಗಲಿಲ್ಲ; ಕೆಳಗೆ ಎಣ್ಣೆ ಜಿನುಗಿತ್ತು. ಕೊಂಡ ಅಂಗಡಿಗೆ ಒಯ್ದರೆ, ಸೀಲ್ ಗ್ಯಾರಂಟಿಗೆ ಬರುವುದಿಲ್ಲ ಅಂದರು, ಸೀಲ್ ತರಿಸಿಕೊಡುವುದೂ ಇಲ್ಲವಂತೆ. ನನ್ನ ಪ್ರಕಾರ ಈ ಜಾಕ್‌ಗೆ ಒಂದು ಸ್ಟಾರ್ ಕಡಿಮೆ ಆಗುವುದು ಇಲ್ಲೇ. ಕೊನೆಗೆ ಮಂಡ್ಯದಲ್ಲಿ ಕಬ್ಬಿನ ಟ್ರೇಲರ್‌ಗಳ ಹೈಡ್ರಾಲಿಕ್ ರಿಪೇರಿ ಮಾಡುವವರೊಬ್ಬರು ಬಿಚ್ಚಿ ನೋಡಿದರು. "ಬ್ರೇಕ್ ಆಯಿಲ್ ಏನಾರಾ ಹಾಕ್ಬುಟ್ಟಿದ್ರಾ ಸಾ?" ಅಂತ ಮೊದಲ ಪ್ರಶ್ನೆ. ಇಲ್ಲ ಅಂದೆ. ಹಾಕಿ ತರುವವರು ತುಂಬ ಜನವಂತೆ. ಬ್ರೇಕ್ ಆಯಿಲ್ ಬಿದ್ದರೆ ಜಾಕಿನ ರಬ್ಬರ್ ಉಬ್ಬಿ ಹಾಳಾಗುತ್ತದೆ. ಜಾಕಿಗೆ ಹೈಡ್ರಾಲಿಕ್ ಆಯಿಲ್ಲೇ ಬೇಕು, ಅದನ್ನೂ ತೋಳು ಪೂರ್ತಿ ಇಳಿಸಿಟ್ಟು ತುಂಬಬೇಕು. ಹೊಸ ಸೀಲ್ ಬಿದ್ದ ಮೇಲೆ ಇವತ್ತಿಗೂ ತಕರಾರಿಲ್ಲ.

ಇಳಿಸುವ ವಾಲ್ವ್ ಮಾತ್ರ ಮೊದಲಿನಿಂದಲೂ ಒರಟು. ಹ್ಯಾಂಡಲ್ ತುದಿ ಸಿಕ್ಕಿಸಿ ಎಡಕ್ಕೆ ತಿರುಗಿಸಿದರೆ ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ, ಆಮೇಲೆ ಒಮ್ಮೆಲೇ ಇಳಿಯುತ್ತದೆ. ಉಗುರಿನಷ್ಟು ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿದರೆ ಸರಿ.

ಡಿಕ್ಕಿಯಲ್ಲಿ ಹಾಕಿಕೊಂಡು ತಿರುಗುವ ಸಾಮಾನು ಇದಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಟೈರ್ ಹೋದರೆ ಟ್ರಾಲಿ ಜಾಕೂ ಬೇಡ, ಸಾಹಸವೂ ಬೇಡ. ಆದಷ್ಟು ಎಡಕ್ಕೆ ಬಂದು, ಎಲ್ಲರೂ ಕಾರಿನಿಂದ ಇಳಿದು ತಡೆಗೋಡೆ ಆಚೆ ನಿಂತು ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ.