ಸೇರುವ ಮೊದಲು ಸರ್ಟಿಫಿಕೇಟ್‌ನ ಮಾದರಿ ಕೇಳಿ: ಐಟಿ ಸ್ನಾತಕೋತ್ತರ ಕೋರ್ಸ್‌ಗೆ ನಾನು ಕೊಟ್ಟ ಎರಡು ವರ್ಷ

ಐಟಿಯಲ್ಲಿ ಕೆಲಸ ಮಾಡುತ್ತಲೇ, ಬಡ್ತಿಗಾಗಿ ಸ್ನಾತಕೋತ್ತರ ಪದವಿ ಮಾಡೋಣ ಅಂತ ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನಗೆ ಆದದ್ದು ನಿಮಗೆ ಆಗಬಾರದು.

ನಾನು ಏಳು ವರ್ಷ ಅಪ್ಲಿಕೇಶನ್ ಸಪೋರ್ಟ್‌ನಲ್ಲಿದ್ದೆ, ಅಂದರೆ ಸಾಫ್ಟ್‌ವೇರ್ ಬಳಸುವವರ ತೊಂದರೆ ಬಗೆಹರಿಸುವ ಕೆಲಸ. ರಾತ್ರಿ ಪಾಳಿ, ಮುಗಿಯದ ದೂರಿನ ಟಿಕೆಟ್‌ಗಳು. ಸಿಸ್ಟಮ್ ಡಿಸೈನ್ ಮಾಡುವ ತಂಡಕ್ಕೆ ಹೋಗಬೇಕು ಅನ್ನುವುದು ನನ್ನ ಆಸೆ. ಆ ಹುದ್ದೆಗೆ ಮಾಸ್ಟರ್ಸ್ ಪದವಿ ಬೇಕು ಅಂತ ಕಂಪನಿ ಸ್ಪಷ್ಟವಾಗಿ ಬರೆದಿತ್ತು. ಕೆಲಸ ಬಿಡುವ ಹಾಗಿರಲಿಲ್ಲ, ಆನ್‌ಲೈನ್ ಕೋರ್ಸ್ ಹುಡುಕಿದೆ. ಒಂದು ಬ್ರೋಷರ್ ಹಿಡಿಸಿತು. ಮೇಲೆ ಒಂದು ವಿಶ್ವವಿದ್ಯಾಲಯದ ಲಾಂಛನ. ಅದರ ಕೆಳಗೆ ಕ್ಲೌಡ್, ಮೆಷಿನ್ ಲರ್ನಿಂಗ್, ಸೈಬರ್ ಸೆಕ್ಯುರಿಟಿ. ನಡುವೆ ದಪ್ಪಕ್ಷರದಲ್ಲಿ 'ಮಾಸ್ಟರ್ಸ್ ಮಟ್ಟದ ಕೋರ್ಸ್'. ಆ 'ಮಟ್ಟದ' ಅನ್ನುವ ಪದ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ.

ಆ ಕೋರ್ಸ್ ನಡೆಸುವವರ ಕೌನ್ಸೆಲರ್ ದಿನಾ ಫೋನ್ ಮಾಡುತ್ತಿದ್ದರು. ಇದು ಪದವಿಯೇ ಅಲ್ವಾ ಅಂತ ಕೇಳಿದೆ. "ಹೌದು ಮೇಡಂ, ಮಾಸ್ಟರ್ಸೇ. ಇವತ್ತು ರಾತ್ರಿಯೊಳಗೆ ಸೇರಿದರೆ ಮಾತ್ರ ರಿಯಾಯಿತಿ" ಅಂದರು. ಬಾಯಿ ಮಾತು, ಅಷ್ಟೇ. ಬರಹದಲ್ಲಿ ಕೊಡಿ ಅಂತ ನಾನು ಕೇಳಲಿಲ್ಲ. ಅದೇ ರಾತ್ರಿ ಶುಲ್ಕ ಕಟ್ಟಿದೆ.

ಮೊದಲ ಲ್ಯಾಬ್ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮ್ಯಾನ್ಯುಯಲ್‌ನಲ್ಲಿದ್ದ ಪ್ರೋಗ್ರಾಂ ಅನ್ನು ಒಂದಕ್ಷರ ಬಿಡದೆ ಟೈಪ್ ಮಾಡಿದೆ. ಮೊದಲ ಸಾಲಿನಲ್ಲೇ ಎರರ್. ನೋಡಿದರೆ ಪ್ರಿಂಟ್ ಪಕ್ಕದಲ್ಲಿ ಬ್ರ್ಯಾಕೆಟ್ಟೇ ಇಲ್ಲ. ಅದು ಪೈಥಾನ್ 2, ಅಂದರೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ವರ್ಶನ್; ಹೊಸದರಲ್ಲಿ ಪ್ರಿಂಟ್‌ಗೆ ಬ್ರ್ಯಾಕೆಟ್ ಬೇಕೇ ಬೇಕು. ಅದಕ್ಕೆ ಬೆಂಬಲ 2020ರ ಜನವರಿ 1ಕ್ಕೇ ಮುಗಿದಿತ್ತು, ನಾವು ಕಲಿಯಲು ಕೂತದ್ದು ಅದಾಗಿ ಮೂರು ವರ್ಷಕ್ಕೆ. "ಹಳೆ ವರ್ಶನ್ ಹಾಕಿಕೊಳ್ಳಿ, ಪರೀಕ್ಷೆಗೆ ಅದೇ ಬರೋದು" ಅಂದರು ಪಾಠ ಮಾಡುವವರು. ಸೆಕ್ಯುರಿಟಿ ತರಗತಿಯಲ್ಲಿ ಶಾ-1 (ಫೈಲ್‌ಗೆ ಬೆರಳಚ್ಚಿನಂಥ ಒಂದು ಚಿಕ್ಕ ಗುರುತು, ಅಂದರೆ ಹ್ಯಾಶ್, ತೆಗೆಯುವ ವಿಧಾನ) ಸುರಕ್ಷಿತ ಅಂತ ಸ್ಲೈಡ್ ಬಂತು. ಗೂಗಲ್ ಮತ್ತು ನೆದರ್‌ಲ್ಯಾಂಡ್ಸ್‌ನ ಸಿಡಬ್ಲ್ಯುಐ ಸಂಶೋಧನಾ ಸಂಸ್ಥೆಯ ಸಂಶೋಧಕರು 2017ರಲ್ಲೇ ಎರಡು ಬೇರೆ ಬೇರೆ ಪಿಡಿಎಫ್‌ಗಳಿಗೆ ಒಂದೇ ಶಾ-1 ಹ್ಯಾಶ್ ಬರುವಂತೆ ಮಾಡಿ ತೋರಿಸಿದ್ದರು, ಅಂದರೆ ಆ ಗುರುತನ್ನು ನಂಬುವ ಹಾಗಿಲ್ಲ. ಸೆಕ್ಯುರಿಟಿ ಕಲಿಸುವವರಿಗೆ ಇದು ಗೊತ್ತಿರಲೇಬೇಕಾದ ವಿಷಯ.

ಹಳೆಯದೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಇಡೀ ಕೋರ್ಸ್‌ನಲ್ಲಿ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಡೇಟಾಬೇಸ್ ತರಗತಿ. ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟ ರಿಲೇಶನಲ್ ಮಾಡೆಲ್‌ನಿಂದಲೇ (ಮಾಹಿತಿಯನ್ನು ಟೇಬಲ್‌ಗಳಲ್ಲಿ ಜೋಡಿಸಿಡುವ ವಿಧಾನ) ಪಾಠ ಮಾಡುವವರು ಶುರು ಮಾಡಿದರು. ಟೇಬಲ್ ಯಾಕೆ ಒಡೆಯಬೇಕು, ಬೇಗ ಹುಡುಕಲು ಇಡುವ ಇಂಡೆಕ್ಸ್ ಯಾವಾಗ ಭಾರವಾಗುತ್ತದೆ ಅಂತ ಬಿಡಿಸಿ ಹೇಳಿದರು. ಅದು ಇವತ್ತಿಗೂ ಕೆಲಸದಲ್ಲಿ ನನ್ನ ಕೈ ಹಿಡಿಯುತ್ತಿದೆ. ತಳಪಾಯ ಹಳೆಯದಿರಬಹುದು, ತೊಂದರೆಯಿಲ್ಲ. ಬಳಕೆ ನಿಂತ ಟೂಲ್‌ಗಳನ್ನು ಹೊಸದು ಅಂತ ಕಲಿಸುವುದು ಮಾತ್ರ ತಪ್ಪು.

ಪ್ರಾಜೆಕ್ಟ್ ಕಥೆ ಇನ್ನೂ ಬೇಸರದ್ದು. ಸರ್ವರ್ ತಾನೇ ಬರೆದಿಡುವ ಲಾಗ್ ನೋಡಿ, ಸರ್ವರ್ ಕೈಕೊಡುವ ಮೊದಲೇ ಸುಳಿವು ಹಿಡಿಯುವ ಕೆಲಸ ಆರಿಸಿಕೊಂಡಿದ್ದೆ. ಆರು ತಿಂಗಳಲ್ಲಿ ಗೈಡ್ ಬರೆದು ಕಳಿಸಿದ್ದು ಎರಡೇ ಮಾತು: ಮಾರ್ಜಿನ್ ಸರಿ ಮಾಡಿ, ಪುಟ ಸಂಖ್ಯೆ ಹಾಕಿ. ಅವರ ಕೈಕೆಳಗೆ ನಲವತ್ತು ಜನ ಇದ್ದೆವು. ಅವರನ್ನಾದರೂ ಹೇಗೆ ದೂರುವುದು?

ಕೊನೆಗೆ ಹುದ್ದೆಗೆ ಅರ್ಜಿ ಹಾಕಿದೆ. ಸಂದರ್ಶನವೂ ಚೆನ್ನಾಗಿಯೇ ಆಯಿತು. ಎಚ್‌ಆರ್‌ನವರು ದಾಖಲೆ ಪರಿಶೀಲಿಸುವಾಗ ಸರ್ಟಿಫಿಕೇಟ್ ಅನ್ನು ಸ್ಕ್ರೀನ್ ಮೇಲೆ ದೊಡ್ಡದು ಮಾಡಿ ನನಗೇ ತೋರಿಸಿದರು. ಅದರಲ್ಲಿ ಇದ್ದದ್ದು 'ಸ್ನಾತಕೋತ್ತರ ಸರ್ಟಿಫಿಕೇಟ್'. ಪದವಿ ಅನ್ನುವ ಪದವೇ ಇರಲಿಲ್ಲ. ಸಹಿ ತರಬೇತಿ ಸಂಸ್ಥೆಯದು. ವಿಶ್ವವಿದ್ಯಾಲಯದ ಹೆಸರು ಕೆಳಗೆ ಸಣ್ಣದಾಗಿ, 'ಶೈಕ್ಷಣಿಕ ಸಹಯೋಗ' ಅಂತ. ಅರ್ಜಿ ಅಲ್ಲಿಗೇ ನಿಂತಿತು. ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಿ ಓದು ಮುಂದುವರಿಸೋಣ ಅಂದರೆ ಅವರು ಕ್ರೆಡಿಟ್ (ಓದಿ ಮುಗಿಸಿದ ಪ್ರತಿ ವಿಷಯಕ್ಕೆ ಸಿಗುವ ಶೈಕ್ಷಣಿಕ ಯೂನಿಟ್) ಕೇಳಿದರು. ನನ್ನ ಅಂಕಪಟ್ಟಿಯಲ್ಲಿ ಬರೀ ಗಂಟೆಗಳ ಲೆಕ್ಕ ಇತ್ತು. ಎರಡು ವರ್ಷದ ಶನಿವಾರ, ಭಾನುವಾರಗಳು ಹಾಗೇ ಹೋದವು. ಅವತ್ತು ಮನೆಗೆ ಬಂದು ಯಾರ ಹತ್ತಿರವೂ ಮಾತಾಡಲಿಲ್ಲ.

ನೀವು ಸೇರುವ ಮೊದಲು ಹಿಂದಿನ ಬ್ಯಾಚ್‌ನವರಿಗೆ ಕೊಟ್ಟ ಸರ್ಟಿಫಿಕೇಟ್ ಮತ್ತು ಅಂಕಪಟ್ಟಿಯ ಮಾದರಿ ತರಿಸಿಕೊಳ್ಳಿ, ಹೆಸರು ಮುಚ್ಚಿದ್ದಾದರೂ ಸರಿ. ಪದವಿ ಕೊಡುವವರು ಯಾರು, ಕ್ರೆಡಿಟ್ ಇದೆಯಾ ನೋಡಿ. ಮಾನ್ಯತೆ ಇದೆ ಅಂತ ಅವರು ಹೇಳಿದರೆ ಸಾಲದು, ಮಾನ್ಯತೆ ಕೊಡುವ ಸಂಸ್ಥೆಯ ಪಟ್ಟಿಯಲ್ಲೇ ಆ ಕೋರ್ಸ್‌ನ ಹೆಸರು ಹುಡುಕಿ. ಆ ಮಾದರಿಯನ್ನು ನಿಮ್ಮ ಎಚ್‌ಆರ್‌ಗೆ ಕಳಿಸಿ, ಬಡ್ತಿಗೆ ಇದು ನಡೆಯುತ್ತಾ ಅಂತ ಇಮೇಲ್‌ನಲ್ಲೇ ಉತ್ತರ ಪಡೆಯಿರಿ. ಸಿಲಬಸ್ ಕೊನೆಯ ಸಲ ಯಾವಾಗ ಬದಲಾಯಿತು, ಒಬ್ಬ ಗೈಡ್‌ಗೆ ಎಷ್ಟು ವಿದ್ಯಾರ್ಥಿಗಳು, ಮಧ್ಯದಲ್ಲಿ ಬಿಟ್ಟರೆ ಎಷ್ಟು ಹಣ ವಾಪಸ್ ಅಂತಲೂ ಕೇಳಿ. ಇವತ್ತೇ ಕಟ್ಟಿ ಅಂತ ಒತ್ತಾಯ ಮಾಡಿದರೆ ಅವತ್ತು ಖಂಡಿತ ಕಟ್ಟಬೇಡಿ.

ಕಳೆದ ವಾರ ನಮ್ಮ ತಂಡದ ಹುಡುಗನೊಬ್ಬ ಇಂಥದೇ ಬ್ರೋಷರ್ ತಂದು ತೋರಿಸಿದ. ಅವನ ಪಕ್ಕದಲ್ಲೇ ಕೂತು ಸರ್ಟಿಫಿಕೇಟ್‌ನ ಮಾದರಿ ಕೇಳಿ ಇಮೇಲ್ ಬರೆಸಿದೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ. ಸೀಟು ಮುಗಿಯುತ್ತಿದೆ ಅಂತ ಫೋನ್ ಮಾತ್ರ ದಿನಕ್ಕೆ ಎರಡು ಸಲ ಬರುತ್ತಿದೆ. ಉತ್ತರ ಬರುವ ತನಕ ಸೇರಲ್ಲ ಅಂತ ಅವನು ನನಗೆ ಮಾತು ಕೊಟ್ಟಿದ್ದಾನೆ.