ಆರೋ, ಅರವತ್ತೋ: ಆಸ್ಪತ್ರೆಯಲ್ಲಿ ಕಳೆದ ಆರು ದಿನ

ಅಮ್ಮನಿಗೆ 79 ವರ್ಷ. ಸಕ್ಕರೆ ಕಾಯಿಲೆ ಹಳೆಯದು. ಎಡಗಾಲಿನ ಹೆಬ್ಬೆರಳ ಹುಣ್ಣು ಕೀವುಗಟ್ಟಿ ಜ್ವರ ಬಂದಾಗ ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿ, ಆರು ದಿನವೂ ನಾನೇ ಜೊತೆಗಿದ್ದೆ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಬರೆದರೆ ನಾನು ಹೇಳಹೊರಟಿರುವ ಸಿಸ್ಟರ್ ಯಾರೆಂದು ಅಲ್ಲಿನವರಿಗೆ ಗೊತ್ತಾಗಿಬಿಡುತ್ತದೆ. ಐದಕ್ಕೆ ಮೂರು ನಕ್ಷತ್ರ: ಎರಡು ಚಿಕಿತ್ಸೆಗೆ, ಒಂದು ಆ ಸಿಸ್ಟರಿಗೆ.

ಕೊಠಡಿ ಚೊಕ್ಕಟವಾಗಿತ್ತು. ಕ್ಯಾಂಟೀನಿನ ಇಡ್ಲಿ ಪರವಾಗಿಲ್ಲ, ಚಟ್ನಿಯಲ್ಲಿ ನೀರೇ ಹೆಚ್ಚು. ಹಿರಿಯ ಶಸ್ತ್ರಚಿಕಿತ್ಸಕರು ಕೀವು ತೆಗೆದು ಬೆರಳು ಉಳಿಸಿಕೊಟ್ಟರು. ಅವರ ಕೈಗುಣದ ಬಗ್ಗೆ ಎರಡು ಮಾತಿಲ್ಲ.

ಮೂರನೆಯ ರಾತ್ರಿ ಎಂಟೂವರೆಗೆ ಬೆರಳು ಚುಚ್ಚಿ ನೋಡಿದಾಗ ಸಕ್ಕರೆ 254 ಇತ್ತು. ಡ್ಯೂಟಿ ಡಾಕ್ಟರು ಬಂದು, ಕೇಸ್‌ಶೀಟಿನಲ್ಲಿ ಏನೋ ಗೀಚಿ, ಮೇಲಿನ ಮಹಡಿಗೆ ಹೋದರು. ರಾತ್ರಿ ಪಾಳಿಯ ಸಿಸ್ಟರಿಗೆ ಇಪ್ಪತ್ತೈದರ ಒಳಗಿನ ವಯಸ್ಸು. ಒಂದು ಕೈಯಲ್ಲಿ ಕೆಂಪು ಮುಚ್ಚಳದ ಸಿರಿಂಜು, ಇನ್ನೊಂದರಲ್ಲಿ ಕೇಸ್‌ಶೀಟು. ಅದನ್ನು ಟ್ಯೂಬ್‌ಲೈಟಿನ ಹತ್ತಿರ ಹಿಡಿದು ನೋಡಿದರು, ಮತ್ತೆ ನೋಡಿದರು.

"ಅಂಕಲ್, ಅಜ್ಜಿಗೆ ಮನೆಯಲ್ಲಿ ರಾತ್ರಿ ಇನ್ಸುಲಿನ್ ಎಷ್ಟು ಕೊಡುತ್ತೀರಿ?"

"ಎಂಟು ಯೂನಿಟ್."

ನಾನೂ ಇಣುಕಿದೆ. ಕಾಗದದ ಮೇಲೆ 60 ಎಂದೇ ಕಾಣುತ್ತಿತ್ತು. ಯೂನಿಟ್ ಎನ್ನಲು ಆರರ ಪಕ್ಕ ಇಂಗ್ಲಿಷಿನ 'ಯು' ಒಂದನ್ನೇ ಬರೆದಿದ್ದರು. ಅವಸರದ ಕೈಯಲ್ಲಿ ಅದು ಬಾಯಿ ಮುಚ್ಚಿಕೊಂಡು ಸೊನ್ನೆಯಾಗಿತ್ತು. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ, ಕೆಂಪು ಮುಚ್ಚಳದ ಒಂದು ಮಿಲಿಲೀಟರ್ ಸಿರಿಂಜು ಸಹ 40ಕ್ಕೇ ಮುಗಿಯುತ್ತದೆ. ಅರವತ್ತು ಕೊಡಬೇಕೆಂದರೆ ಒಂದೂವರೆ ಸಿರಿಂಜು ಚುಚ್ಚಬೇಕು. ಅಮ್ಮ ಆ ರಾತ್ರಿ ಕುಡಿದಿದ್ದು ಒಂದು ಬಟ್ಟಲು ಗಂಜಿ. ಅಷ್ಟು ಇನ್ಸುಲಿನ್ ಹೋದರೆ ಸಕ್ಕರೆ ತೀರಾ ಇಳಿದು ಜೀವಕ್ಕೇ ಕುತ್ತಾಗಬಹುದು.

ಸಿಸ್ಟರ್ ಫೋನ್ ಮಾಡಿದರು. "ಸರ್, ಆರೋ ಅರವತ್ತೋ?"

ಆ ಕಡೆಯ ಧ್ವನಿ ನನಗೂ ಕೇಳಿಸಿತು. "ಅಷ್ಟೂ ಗೊತ್ತಾಗುವುದಿಲ್ಲವೇ? ಆರು ಕೊಡಿ."

"ಆಯಿತು ಸರ್, ಆರು ಯೂನಿಟ್. ಬಂದು ತಿದ್ದಿ ಸಹಿ ಮಾಡಿಬಿಡಿ, ಕೊಡುತ್ತೇನೆ."

ಡಾಕ್ಟರು ಬಂದರು. ಬರೆದದ್ದರ ಮೇಲೆಯೇ ಪೆನ್ನು ಒತ್ತಿ ತಿದ್ದಲು ಹೋದರು. "ಹಾಗೆ ಬೇಡ ಸರ್, ಅದನ್ನು ಹೊಡೆದುಹಾಕಿ ಕೆಳಗೆ ಹೊಸದಾಗಿ ಬರೆಯಿರಿ" ಎಂದರು ಸಿಸ್ಟರ್. ಮುಖ ಗಂಟಿಕ್ಕಿಕೊಂಡೇ ಬರೆದರು, ಸಹಿ ಹಾಕಿದರು, ಸಮಯ 9.05 ಎಂದು ನಮೂದಿಸಿದರು. ಒಂದು ಒಳ್ಳೆಯ ಮಾತು ಬಾಯಿಂದ ಬರಲಿಲ್ಲ.

ನಾನು 31 ವರ್ಷ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತವನು. ತಿಜೋರಿಗೆ ಎರಡು ಬೀಗದ ಕೈ: ಒಂದು ನನ್ನ ಬಳಿ, ಒಂದು ಅಧಿಕಾರಿಯ ಬಳಿ. ಚೆಕ್ಕಿನಲ್ಲಿ ಅಂಕಿಗೂ ಅಕ್ಷರಕ್ಕೂ ತಾಳೆಯಾಗದಿದ್ದರೆ ಅಕ್ಷರದ ಮೊತ್ತವೇ ಸರಿ ಎಂದು 1881ರ ಕಾಯ್ದೆ ಹೇಳುತ್ತದೆ. ಮ್ಯಾನೇಜರ ವೋಚರನ್ನು ತಿದ್ದಿಕೊಡಿ ಎಂದು ವಾಪಸು ಕಳಿಸಿದಾಗ ಯಾರೂ ನನ್ನನ್ನು ಅಧಿಕಪ್ರಸಂಗಿ ಎನ್ನಲಿಲ್ಲ. ಸುಳ್ಳೇಕೆ, ಒಬ್ಬರು ಅಂದಿದ್ದರು. ಸಂಜೆ ಲೆಕ್ಕ ಹೊಂದಿದ ಮೇಲೆ ಅವರೇ ಚಹಾ ಕೊಡಿಸಿದರು. ಇನ್ಸುಲಿನ್‌ಗೂ ಇಂಥ ಕಾವಲು ಇಲ್ಲದಿಲ್ಲ. ಇದೇ ಗೊಂದಲ ಬೇಡವೆಂದು ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಸಂಸ್ಥೆ 2004ರಲ್ಲೇ ಆ ಒಂಟಿ 'ಯು' ಅಕ್ಷರವನ್ನು ಬಳಸಬಾರದವುಗಳ ಪಟ್ಟಿಗೆ ಸೇರಿಸಿತು.

ಬೆಳಗ್ಗೆ ಪಾಳಿ ಬದಲಾಗುವ ಹೊತ್ತಿಗೆ, ನಮ್ಮೆಲ್ಲರ ಎದುರಿಗೇ, ಇನ್‌ಚಾರ್ಜ್ ಸಿಸ್ಟರ್ ಆ ಹುಡುಗಿಯನ್ನು ತರಾಟೆಗೆ ತೆಗೆದುಕೊಂಡರು. "ಡಾಕ್ಟರ ಅಕ್ಷರ ಓದಲು ಬಾರದಿದ್ದರೆ ಡ್ಯೂಟಿಗೆ ಏಕೆ ಬರುತ್ತೀಯ? ರಾತ್ರಿ ಅವರನ್ನು ಓಡಾಡಿಸುವುದೇ?" ಹನ್ನೆರಡು ಗಂಟೆ ನಿಂತು ಕೆಲಸ ಮಾಡಿದ ಹುಡುಗಿ ತಿರುಗಿ ಮಾತಾಡಲಿಲ್ಲ. ಹೊಸದಾಗಿ ಬಂದವರಿಗೆ ಕೇಸ್‌ಶೀಟು ಒಪ್ಪಿಸುತ್ತಾ, "ಮೂರನೇ ಬೆಡ್, ಸಕ್ಕರೆ 148, ಅಜ್ಜಿ ಚೆನ್ನಾಗಿ ನಿದ್ದೆ ಮಾಡಿದ್ದಾರೆ" ಎಂದಷ್ಟೇ ಹೇಳಿ ಹೊರಟುಹೋದರು. ಅರವತ್ತು ಚುಚ್ಚಿ ಅನಾಹುತವಾಗಿದ್ದರೆ ಮೊದಲು ಕಟಕಟೆ ಹತ್ತಬೇಕಾಗಿದ್ದುದು ಯಾರು? ಬರೆದವರೇ, ಚುಚ್ಚಿದವರೇ? ಅವತ್ತಿನ ಬೈಗುಳ ನೋಡಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ.

ಒಂದು ನಕ್ಷತ್ರ ಅಲ್ಲಿ ಹೋಯಿತು. ಇನ್ನೊಂದು ಹೋಗಿದ್ದು ರೌಂಡ್ಸಿನಲ್ಲಿ. ಹುಣ್ಣು ಹೇಗಿದೆ ಎಂದು ಹಿರಿಯ ಶಸ್ತ್ರಚಿಕಿತ್ಸಕರು ದಿನವೂ ಡ್ಯೂಟಿ ಡಾಕ್ಟರನ್ನೇ ಕೇಳುತ್ತಿದ್ದರು. ಅರ್ಧ ಗಂಟೆ ಮೊದಲು ಅದನ್ನು ತೊಳೆದು ಬ್ಯಾಂಡೇಜ್ ಕಟ್ಟಿದ ಸಿಸ್ಟರ್ ಪಕ್ಕದಲ್ಲೇ ಟ್ರೇ ಹಿಡಿದು ನಿಂತಿರುತ್ತಿದ್ದರು.

ಬಿಡುಗಡೆಯ ದಿನ ಆಡಳಿತ ಕಚೇರಿಗೆ ಹೋಗಿ ಎರಡು ವಿಷಯ ಹೇಳಿದೆ. ಇನ್ಸುಲಿನ್ ಬರೆಯುವಾಗ 'ಯೂನಿಟ್' ಎಂದು ಪೂರ್ತಿ ಬರೆಯಿಸಿ. ಎಲ್ಲರೆದುರು ಬೈಸಿಕೊಂಡ ಹುಡುಗಿಗೆ ಎಲ್ಲರೆದುರೇ ಒಂದು ಒಳ್ಳೆಯ ಮಾತು ಹೇಳಿ. ವ್ಯವಸ್ಥಾಪಕರು ತಲೆಯಾಡಿಸುತ್ತಾ ಕೇಳಿದರು, ನೀರು ತರಿಸಿದರು. ಆಮೇಲೆ, "ಬೇಸರ ಮಾಡಿಕೊಳ್ಳಬೇಡಿ ಸರ್, ಬಿಲ್ಲಿನಲ್ಲಿ ಎರಡು ಸಾವಿರ ಬಿಡಿಸುತ್ತೇನೆ" ಎಂದರು. ನಾನು ಹೇಳಿದ್ದು ಯಾವುದನ್ನೂ ಅವರು ಬರೆದುಕೊಳ್ಳಲಿಲ್ಲ. ರಿಯಾಯಿತಿ ಮಾತ್ರ ಬಿಲ್ಲಿನಲ್ಲಿ ಬಂದಿತ್ತು, ಅಂಕಿಯಲ್ಲೂ ಅಕ್ಷರದಲ್ಲೂ.